ವನಮಹೋತ್ಸವ ಹುಟ್ಟಿದ್ದು ನಮ್ಮ ದೆಹಲಿಯಲ್ಲಿ

ವನಮಹೋತ್ಸವ ಎಂದ ಕೂಡಲೇ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗುವುದು ಶಾಲೆಯ ದಿನಗಳು. ಜುಲೈ ಮೊದಲ ವಾರ, ಜಿಟಿಜಿಟಿ ಮಳೆ, ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬಂದ ಸಸಿಗಳು, ಮುಖ್ಯ ಅತಿಥಿಗಳ ಉದ್ದನೆಯ ಭಾಷಣ, ಕೊನೆಗೆ ಕೈಗೊಂದು ಪೆಪ್ಪರಮೆಂಟು. ಕ್ಯಾಲೆಂಡರಿನಲ್ಲಿ ಕೆಂಪು ಅಕ್ಷರವಿಲ್ಲದ, ರಜೆಯೂ ಇಲ್ಲದ ಹಬ್ಬ ಅದು. ಆದರೆ ಅದರ ಬೇರು ಇರುವುದು ನಾವೀಗ ಸಂಸಾರ ಹೂಡಿರುವ ಇದೇ ದೆಹಲಿಯಲ್ಲಿ. ಆ ಕಥೆಯನ್ನು ನಮ್ಮ ಗೆಳತಿಯರೊಂದಿಗೆ ಹಂಚಿಕೊಳ್ಳಬೇಕೆನಿಸಿತು.

ಸಾಮಾನ್ಯ ಜ್ಞಾನದ ಪುಸ್ತಕಗಳು 1950 ಎನ್ನುತ್ತವೆ. ಕೇಂದ್ರದ ಆಹಾರ ಮತ್ತು ಕೃಷಿ ಸಚಿವರಾಗಿದ್ದ ಕೆ. ಎಂ. ಮುನ್ಷಿ ಆ ವರ್ಷ ಜುಲೈ ಮೊದಲ ವಾರವನ್ನು ಗೊತ್ತುಮಾಡಿ, ‘ವನಮಹೋತ್ಸವ’ ಎಂದು ಹೆಸರಿಟ್ಟು, ದೇಶಕ್ಕೆಲ್ಲ ಹಬ್ಬಿಸಿದರು. ಮುನ್ಷಿಯವರು ಗುಜರಾತಿಯ ದೊಡ್ಡ ಕಾದಂಬರಿಕಾರರೂ ಹೌದು. ಹೆಸರಿಡುವುದು ಅವರಿಗೆ ಗೊತ್ತಿತ್ತು. ಬರೀ ‘ಸಸಿ ನೆಡುವ ಸಪ್ತಾಹ’ ಎಂದಿದ್ದರೆ ಅದು ಕಡತದಲ್ಲೇ ಉಳಿದುಬಿಡುತ್ತಿತ್ತೇನೋ.

ಆದರೆ ಮೊದಲ ಆಚರಣೆ ಅದಕ್ಕೂ ಮೂರು ವರ್ಷ ಹಿಂದಿನದು. 1947ರಲ್ಲಿ ದೆಹಲಿಯ ಡೆಪ್ಯುಟಿ ಕಮಿಷನರ್ ಆಗಿದ್ದವರು ಎಂ. ಎಸ್. ರಂಧಾವಾ. ಐಸಿಎಸ್ ಅಧಿಕಾರಿಯಾದರೂ ಓದಿದ್ದು ಸಸ್ಯಶಾಸ್ತ್ರ. ಮುಂದೆ ಚಂಡೀಗಢದ ರಸ್ತೆಗಳಿಗೆ ಹೂಮರಗಳನ್ನು ಆರಿಸಿಕೊಟ್ಟವರಲ್ಲಿ ಅವರೂ ಒಬ್ಬರು. ಬೇರೆ ದೇಶಗಳಲ್ಲಿ ಮರ ನೆಡುವ ದಿನವನ್ನು ಜನ ಹಬ್ಬದಂತೆ ಆಚರಿಸುವುದನ್ನು ತಿಳಿದಿದ್ದ ಅವರು ಜುಲೈ 20ರಿಂದ 27ರವರೆಗೆ ದೆಹಲಿಯಲ್ಲಿ ಅಂಥದೇ ವಾರವೊಂದನ್ನು ಏರ್ಪಡಿಸಿದರು. ಮೊದಲ ದಿನ ಬೆಳಿಗ್ಗೆ ಕಮಿಷನರ್ ಖುರ್ಷಿದ್ ಅಹಮದ್ ಖಾನ್ ನೆಟ್ಟದ್ದು ಬಸವನಪಾದ, ಇಲ್ಲಿಯವರ ಕಚನಾರ್. ಪುರಾನಾ ಕಿಲಾದ ಕಾರ್ಯಕ್ರಮಕ್ಕೆ ನೆಹರೂ ಬಂದರು. ನಮಗೆ ಖುಷಿ ಕೊಡುವ ಇನ್ನೊಂದು ಸಂಗತಿಯಿದೆ: ಆ ವಾರದಲ್ಲಿ ಒಂದು ದಿನವನ್ನು ಮಹಿಳೆಯರಿಗೆಂದೇ ಇಟ್ಟಿದ್ದರು.

ದಿನಾಂಕವನ್ನು ಇನ್ನೊಮ್ಮೆ ನೋಡಿ. ಸ್ವಾತಂತ್ರ್ಯಕ್ಕೆ ಇನ್ನು 26 ದಿನ ಉಳಿದಿತ್ತು. ದೇಶ ಎರಡಾಗುವುದು ತೀರ್ಮಾನವಾಗಿತ್ತು. ಸೆಪ್ಟೆಂಬರಿನ ಹೊತ್ತಿಗೆ ಅದೇ ಪುರಾನಾ ಕಿಲಾ, ಪಾಕಿಸ್ತಾನಕ್ಕೆ ಹೊರಟ ಸಾವಿರಾರು ಮುಸ್ಲಿಂ ಕುಟುಂಬಗಳ ನಿರಾಶ್ರಿತರ ಶಿಬಿರವಾಯಿತು. ಪ್ರಾಣಿ ಸಂಗ್ರಹಾಲಯ ನೋಡಲು ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಪಕ್ಕದ ಆ ಕೋಟೆಯ ಗೋಡೆ ಕಂಡು ನನಗೆ ಇದೇ ಯೋಚನೆ: ಜುಲೈನಲ್ಲಿ ನೆಟ್ಟ ಆ ಸಸಿಗಳಿಗೆ ಅಕ್ಟೋಬರಿನಲ್ಲಿ ನೀರು ಹಾಕಿದವರು ಯಾರು?

ಈ ಹಬ್ಬದ ಇಡೀ ಪ್ರಶ್ನೆ ಇರುವುದೇ ಅಲ್ಲಿ ಎಂದು ನನ್ನ ಅನಿಸಿಕೆ. 1872ರ ಏಪ್ರಿಲ್ 10ರಂದು ಅಮೆರಿಕದ ನೆಬ್ರಾಸ್ಕಾದಲ್ಲಿ ಸ್ಟರ್ಲಿಂಗ್ ಮಾರ್ಟನ್ ಎಂಬ ಪತ್ರಿಕಾ ಸಂಪಾದಕರ ಕರೆಗೆ ಓಗೊಟ್ಟು ಒಂದೇ ದಿನ ಸುಮಾರು ಹತ್ತು ಲಕ್ಷ ಗಿಡ ನೆಟ್ಟರೆಂದು ಹೇಳುತ್ತಾರೆ. ಎಣಿಕೆಯ ಹುಚ್ಚು ಅಂದಿನಿಂದಲೇ ಶುರು. ನೆಟ್ಟದ್ದನ್ನು ಎಣಿಸುತ್ತಾರೆ, ಉಳಿದದ್ದನ್ನು ಎಣಿಸುವವರು ಕಡಿಮೆ. ಮಲೆನಾಡಿನಲ್ಲಿ ಜುಲೈನಲ್ಲಿ ನೆಟ್ಟ ಗಿಡವನ್ನು ಮಳೆಯೇ ನೋಡಿಕೊಳ್ಳುತ್ತದೆ. ದೆಹಲಿಯಲ್ಲಿ ಹಾಗಲ್ಲ. ಸೆಪ್ಟೆಂಬರ್ ಮುಗಿದರೆ ಮಳೆ ಮುಗಿಯಿತು. ಆಮೇಲೆ ಚಳಿ, ಅದಾದ ಮೇಲೆ ಮೇ ತಿಂಗಳ ಲೂ. ಕನಿಷ್ಠ ಎರಡು ಬೇಸಿಗೆ ಯಾರಾದರೂ ಬಕೆಟ್ ಹಿಡಿದು ನಿಲ್ಲಬೇಕು.

ರಸ್ತೆಗೆ ನೆರಳು ಮಾಡುವ ಮಾತು ಈ ಊರಿಗೆ ಹೊಸದೂ ಅಲ್ಲ. ಐಟಿಒ ಹತ್ತಿರ, ಕ್ರಿಕೆಟ್ ಮೈದಾನದ ಪಕ್ಕದ ಫಿರೋಜ್ ಷಾ ಕೋಟ್ಲಾದಲ್ಲಿ ಅಶೋಕನ ಕಂಬವೊಂದಿದೆ. ಹರಿಯಾಣದ ಟೋಪ್ರಾದಿಂದ ಅದನ್ನು 14ನೇ ಶತಮಾನದಲ್ಲಿ ತರಿಸಿದವನು ಫಿರೋಜ್ ಷಾ ತುಘಲಕ್. ಅಶೋಕನ ಏಳನೆಯ ಸ್ತಂಭಶಾಸನ ಪೂರ್ತಿಯಾಗಿ ಇರುವುದು ಈ ಒಂದು ಕಂಬದ ಮೇಲೆ. ಜನರಿಗೂ ದನಕರುಗಳಿಗೂ ನೆರಳಾಗಲೆಂದು ದಾರಿಯುದ್ದಕ್ಕೂ ಆಲದ ಮರ ನೆಡಿಸಿದ್ದನ್ನು, ಮಾವಿನ ತೋಪು ಮಾಡಿಸಿದ್ದನ್ನು, ಬಾವಿ ತೋಡಿಸಿದ್ದನ್ನು ದೊರೆ ಅದರಲ್ಲಿ ಹೇಳಿಕೊಂಡಿದ್ದಾನೆ. ನೀರು ಹೊತ್ತವರ ಹೆಸರು ಅಲ್ಲಿಲ್ಲ.

ನಮ್ಮ ಕಡೆಯ ಒಂದು ಆಲದ ಸಾಲಿನ ವಿಷಯದಲ್ಲಿ ಆ ಹೆಸರು ನಮಗೆ ಗೊತ್ತು. ಮಾಗಡಿ ತಾಲ್ಲೂಕಿನ ಹುಲಿಕಲ್–ಕುದೂರು ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಸುಮಾರು 385 ಆಲದ ಮರ ಬೆಳೆಸಿದರು. ಮಕ್ಕಳಿಲ್ಲದ ಕೊರಗಿಗೆ ಮರ ನೆಟ್ಟರು ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯವೆನಿಸುವುದು ಅವರ ದುಡಿಮೆ. ಮೊದಲ ವರ್ಷ ನೆಟ್ಟದ್ದು ಹತ್ತೇ ಸಸಿ, ಮರುವರ್ಷ ಹದಿನೈದು, ಅದರಾಚೆ ಇಪ್ಪತ್ತು. ಎಷ್ಟಕ್ಕೆ ನೀರು ಹೊರಲು ಸಾಧ್ಯವೋ ಅಷ್ಟು. ಕೂಲಿ ಮುಗಿಸಿ ಮೈಲಿಗಟ್ಟಲೆ ನೀರು ಹೊತ್ತರು, ದನ ಬಾಯಿ ಹಾಕದಂತೆ ಮುಳ್ಳಿನ ಬೇಲಿ ಕಟ್ಟಿದರು. 2019ರ ಮಾರ್ಚ್‌ನಲ್ಲಿ ಪದ್ಮಶ್ರೀ ಪಡೆಯಲು ದೆಹಲಿಗೆ ಬಂದ ಆ ಅಜ್ಜಿ ರಾಷ್ಟ್ರಪತಿ ಕೋವಿಂದರ ತಲೆ ಮುಟ್ಟಿ ಹರಸಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿ ಕಣ್ಣೊರೆಸಿಕೊಂಡೆವಲ್ಲ! 2021ರಲ್ಲಿ ಅದೇ ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲಿ ನಡೆದು ಬಂದವರು ಅಂಕೋಲಾದ ತುಳಸಿ ಗೌಡರು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ಸೇರಿ, ಯಾವ ಮರದ ಬೀಜವನ್ನು ಯಾವಾಗ ಆಯಬೇಕೆಂಬುದನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದ ಹಾಲಕ್ಕಿ ಹೆಣ್ಣುಮಗಳು.

ಇನ್ನು ಮರ ಕಡಿಯುವವರ ಲೆಕ್ಕವೂ ಒಂದಿದೆ. 2018ರ ಜೂನ್‌ನಲ್ಲಿ ಸರೋಜಿನಿ ನಗರ, ನೇತಾಜಿ ನಗರ ಸೇರಿದಂತೆ ಸರ್ಕಾರಿ ನೌಕರರ ಏಳು ಕಾಲೋನಿಗಳನ್ನು ಹೊಸದಾಗಿ ಕಟ್ಟಲು 14 ಸಾವಿರಕ್ಕೂ ಹೆಚ್ಚು ಮರ ಕಡಿಯುವ ಯೋಜನೆ ಹೊರಬಿತ್ತು. ಕಡಿದ ಒಂದಕ್ಕೆ ಹತ್ತು ಸಸಿ ನೆಡುತ್ತೇವೆ ಎಂಬುದು ಸಮಾಧಾನದ ಮಾತು. ಗಣಿತದಲ್ಲಿ ಅದು ಲಾಭವೇ! ಐವತ್ತು ವರ್ಷದ ಬೇವಿನ ನೆರಳು ಮೊಣಕಾಲೆತ್ತರದ ಹತ್ತು ಗಿಡಗಳಿಂದ ಬರುತ್ತದೆಯೇ? ಜನ ಬೀದಿಗಿಳಿದು ಮರಗಳನ್ನು ತಬ್ಬಿ ನಿಂತರು, ಹೈಕೋರ್ಟು ತಡೆ ಹಾಕಿತು. ಅಷ್ಟರಲ್ಲಿ ಕೆಲವು ಕಡೆ ಕೊಡಲಿ ಬಿದ್ದಾಗಿತ್ತು. 1983ರ ಸೆಪ್ಟೆಂಬರ್ 8ರಂದು ಶಿರಸಿಯ ಸಲ್ಕಣಿ ಕಾಡಿನಲ್ಲಿ ಪಾಂಡುರಂಗ ಹೆಗಡೆ ಮತ್ತು ಊರವರು ಆರಂಭಿಸಿದ ‘ಅಪ್ಪಿಕೋ’ ಕೂಡ ಇಂಥದೇ. ಅಲ್ಲಿಯೂ ‘ನೆಡುತೋಪು’ ಎಂಬ ಒಳ್ಳೆಯ ಹೆಸರಿನಡಿ, ಇದ್ದ ಕಾಡು ಹೋಗಿ ಬರೀ ತೇಗ ಬರುವುದಿತ್ತು.

ಮುಂದಿನ ಜುಲೈನಲ್ಲಿ ನಮ್ಮ ವೇದಿಕೆಯವರೂ ಸಸಿ ನೆಡೋಣವೆಂಬ ಮಾತು ಬಂದಿದೆ. ನೂರೊಂದು ಬೇಡ, ತಿಮ್ಮಕ್ಕನ ಮೊದಲ ವರ್ಷದಂತೆ ಹತ್ತು ಸಾಕು. ಬೇವು, ನೇರಳೆ, ಅರ್ಜುನ ಈ ಮಣ್ಣಿಗೆ ಒಗ್ಗಿದ ಮರಗಳು. ಬ್ಯಾನರ್ ಮಾಡಿಸುವ ಮೊದಲು ನೀರಿನ ಪಾಳಿಯ ಪಟ್ಟಿ ಮಾಡೋಣ. ಮೇ, ಜೂನ್‌ನಲ್ಲಿ ಅರ್ಧ ಜನ ಮಕ್ಕಳ ರಜೆಗೆಂದು ಊರಿಗೆ ಹೊರಟಿರುತ್ತಾರೆ, ಆ ಎರಡು ತಿಂಗಳಿಗೆ ನನ್ನ ಹೆಸರು ಬರೆದುಕೊಳ್ಳಿ.