ಉರಿಯುವ ಮನೆಯ ಗಳ ಹಿರಿಯುವವರು

1923ರ ಜನವರಿ 18ರಂದು ಅಮೆರಿಕದ ಲಾಸ್ ಏಂಜಲೀಸ್ ನಗರದ ಚಿಕಿತ್ಸಾಲಯವೊಂದರಲ್ಲಿ ವ್ಯಾಲೇಸ್ ರೀಡ್ ಎಂಬ ಸಿನಿಮಾ ನಟ ತೀರಿಕೊಂಡ. ಆಗ ಅವನಿಗೆ ಕೇವಲ 31 ವರ್ಷ. ಸರಿಯಾಗಿ 24 ವರ್ಷಗಳ ನಂತರ, 1947ರ ಅದೇ ಜನವರಿ 18ರಂದು, ಪಂಜಾಬಿನ ಜಲಂಧರ್‌ನಲ್ಲಿ ಗಾಯಕ, ನಟ ಕುಂದನ್‌ಲಾಲ್ ಸೈಗಲ್ ಕಣ್ಣು ಮುಚ್ಚಿದರು. ಅವರಿಗೆ 42 ವರ್ಷ. ರೀಡ್‌ನನ್ನು ಬಲಿ ತೆಗೆದುಕೊಂಡದ್ದು ಮಾರ್ಫಿನ್; ಸೈಗಲ್ ಅವರ ಆರೋಗ್ಯವನ್ನು ಹಾಳುಮಾಡಿದ್ದು ಮದ್ಯ.

ದಿನಾಂಕ ಒಂದೇ ಆದದ್ದು ಬರೀ ಕಾಕತಾಳೀಯ. ಆದರೆ ಇಬ್ಬರ ವಿಷಯದಲ್ಲೂ ಜನ ನಡೆದುಕೊಂಡ ರೀತಿಯಲ್ಲಿ ಒಂದು ಹೋಲಿಕೆ ಇದೆ. ಅವರ ಚಿತ್ರಗಳನ್ನು ಒಂದನ್ನೂ ನೋಡದವರಿಗೂ ಅವರ ಚಟದ ಕಥೆ ಗೊತ್ತು. ನಮ್ಮ ಬೀದಿಯಲ್ಲೇ ಒಬ್ಬ ಕುಡಿದು ಬಿದ್ದಿದ್ದರೆ ಮೂಗು ಮುಚ್ಚಿಕೊಂಡು ದಾಟಿ ಹೋಗುತ್ತೇವೆ. ಹಾಗೆ ಬಿದ್ದವನು ಸಿನಿಮಾ ತಾರೆಯಾದರೆ ನಿಂತು ನೋಡುತ್ತೇವೆ, ಮನೆಗೆ ಬಂದು ಹೇಳುತ್ತೇವೆ, ಮರುದಿನದ ಪತ್ರಿಕೆಗಾಗಿ ಕಾಯುತ್ತೇವೆ. ಈ ಕುತೂಹಲ ಎಲ್ಲಿಂದ ಬಂತು? ಅದು ನಮ್ಮ ಬಗ್ಗೆ ಏನು ಹೇಳುತ್ತದೆ?

ತಪ್ಪೊಪ್ಪಿಗೆಗೆ ಸಿಕ್ಕ ಓದುಗರು

ಸುಮಾರು 200 ವರ್ಷ ಹಿಂದಕ್ಕೆ ಹೋಗೋಣ. 1821ರ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳಲ್ಲಿ ‘ಲಂಡನ್ ಮ್ಯಾಗಜಿನ್’ ಪತ್ರಿಕೆ ಹೆಸರಿಲ್ಲದ ಲೇಖಕನೊಬ್ಬನ ಬರಹವನ್ನು ಎರಡು ಕಂತುಗಳಲ್ಲಿ ಪ್ರಕಟಿಸಿತು. ಅಫೀಮು ಸೇವಿಸುವ ಇಂಗ್ಲಿಷಿನವನೊಬ್ಬನ ತಪ್ಪೊಪ್ಪಿಗೆ ಅದು. ಬರೆದವನು ಥಾಮಸ್ ಡಿ ಕ್ವಿನ್ಸಿ. ಮರುವರ್ಷವೇ ಅದು ಪುಸ್ತಕವಾಯಿತು, ಲೇಖಕ ಹೆಸರುವಾಸಿಯಾದ.

ಸ್ವಾರಸ್ಯವೆಂದರೆ, ಆ ಕಾಲದ ಇಂಗ್ಲೆಂಡಿನಲ್ಲಿ ಅಫೀಮು ಅಪರೂಪದ ವಸ್ತುವಾಗಿರಲಿಲ್ಲ. ಇಂದು ತಲೆನೋವಿನ ಮಾತ್ರೆ ಸಿಗುವಷ್ಟು ಸುಲಭವಾಗಿ ಅಂಗಡಿಗಳಲ್ಲಿ ಸಿಗುತ್ತಿತ್ತು. ಅಳುವ ಮಕ್ಕಳನ್ನು ಮಲಗಿಸಲು ತಾಯಂದಿರು ಅಫೀಮು ಬೆರೆಸಿದ ಔಷಧ ಕುಡಿಸುತ್ತಿದ್ದರು. ಅದರ ಮಾರಾಟಕ್ಕೆ ಕಾನೂನಿನ ಕಡಿವಾಣ ಬಿದ್ದದ್ದು 1868ರಲ್ಲಿ. ಡಿ ಕ್ವಿನ್ಸಿ ಕೂಡ 1804ರಲ್ಲಿ ಮುಖದ ನೋವು ತಾಳಲಾರದೆ ಲಂಡನ್ನಿನ ಅಂಗಡಿಯೊಂದರಲ್ಲಿ ಅದನ್ನು ಕೊಂಡವನು. ಮನೆಮನೆಯಲ್ಲೂ ಇದ್ದ ಸೀಸೆಯ ಬಗ್ಗೆ ಜನ ಹಣ ಕೊಟ್ಟು ಓದಿದ್ದೇಕೆ? ಪ್ರತಿಭಾವಂತನೊಬ್ಬ ತನ್ನ ಒಳಮನೆಯ ಬಾಗಿಲನ್ನು ತಾನೇ ತೆರೆದಿದ್ದ ಎಂಬುದಕ್ಕೆ. ಅವನು ಅಫೀಮಿನ ಸುಖವನ್ನೂ ಬರೆದ, ಯಾತನೆಯನ್ನೂ ಬರೆದ. ಓದಿದ ಕೆಲವರು ಯಾತನೆಯನ್ನು ಮರೆತು ಸುಖವನ್ನಷ್ಟೇ ನೆನಪಿಟ್ಟುಕೊಂಡರು ಎಂಬ ದೂರು ಆಗಲೇ ಕೇಳಿಬಂದಿತ್ತು.

ಆದರೂ ಡಿ ಕ್ವಿನ್ಸಿ ತನ್ನ ಕಥೆಯನ್ನು ತಾನೇ ಬರೆದ. ಸಿನಿಮಾ ಬಂದ ಮೇಲೆ ತಾರೆಯರ ಕಥೆಯನ್ನು ಬೇರೆಯವರು ಬರೆಯತೊಡಗಿದರು.

ಒಂದೇ ರೋಗ, ಎರಡು ನ್ಯಾಯ

ವ್ಯಾಲೇಸ್ ರೀಡ್ ಮೂಕಿಚಿತ್ರಗಳ ಕಾಲದ ಸುಂದರ ನಾಯಕ. ಮೋಟಾರ್ ರೇಸಿನ ಚಿತ್ರಗಳಿಂದ ಅವನು ಮನೆಮಾತಾಗಿದ್ದ. 1919ರಲ್ಲಿ ಚಿತ್ರೀಕರಣಕ್ಕೆಂದು ಹೋಗುವಾಗ ರೈಲು ಅಪಘಾತದಲ್ಲಿ ಪೆಟ್ಟಾಯಿತು. ಚಿತ್ರೀಕರಣ ನಿಲ್ಲಬಾರದೆಂದು ನೋವು ಮರೆಸಲು ಅವನಿಗೆ ಮಾರ್ಫಿನ್ ಕೊಡಲಾಯಿತು ಎಂಬುದು ಅವನ ಬಗ್ಗೆ ಬರೆದವರೆಲ್ಲ ಹೇಳುವ ಮಾತು. ಗಾಯ ಮಾಯಿತು, ಮಾರ್ಫಿನ್ ಬಿಡಲಿಲ್ಲ. ಚಿತ್ರಗಳು ಮಾತ್ರ ಒಂದರ ಹಿಂದೆ ಒಂದು ಬರುತ್ತಲೇ ಇದ್ದವು.

1922ರ ಕೊನೆಯಲ್ಲಿ ಅವನ ಪತ್ನಿ, ಸ್ವತಃ ನಟಿಯಾಗಿದ್ದ ಡೊರೊಥಿ ಡೇವನ್‌ಪೋರ್ಟ್, ಗಂಡನ ಸ್ಥಿತಿಯನ್ನು ಪತ್ರಿಕೆಗಳ ಮುಂದೆ ಬಿಚ್ಚಿಟ್ಟಳು. ಕೆಲವೇ ವಾರಗಳಲ್ಲಿ ಅವನು ತೀರಿಕೊಂಡ. ಅದೇ ವರ್ಷ ಆಕೆ ಮಾದಕವಸ್ತುಗಳ ವಿರುದ್ಧ ‘ಹ್ಯೂಮನ್ ರೆಕೇಜ್’ ಎಂಬ ಚಿತ್ರ ತೆರೆಗೆ ತಂದಳು. ಜಾಹೀರಾತಿನಲ್ಲಿ ಆಕೆಯ ಹೆಸರು ‘ಮಿಸೆಸ್ ವ್ಯಾಲೇಸ್ ರೀಡ್’ ಎಂದಿತ್ತು. ಜನ ಬಂದದ್ದು ಬುದ್ಧಿಮಾತು ಕೇಳಲೋ, ಸತ್ತ ನಾಯಕನ ಹೆಂಡತಿಯನ್ನು ನೋಡಲೋ ಎಂದು ಬಿಡಿಸಿ ಹೇಳುವುದು ಕಷ್ಟ. ಆ ಚಿತ್ರದ ಪ್ರತಿ ಇಂದು ಎಲ್ಲೂ ಉಳಿದಿಲ್ಲ. ಏನೇ ಇರಲಿ, ರೀಡ್ ಜನರ ಕಣ್ಣಲ್ಲಿ ಅಪರಾಧಿಯಾಗಲಿಲ್ಲ, ಹುತಾತ್ಮನಾದ.

ಇದರ ಪಕ್ಕದಲ್ಲಿ ಅದೇ ದೇಶದ ಇನ್ನೊಂದು ಸಾವನ್ನು ಇಟ್ಟು ನೋಡಬೇಕು. ಬಿಲ್ಲಿ ಹಾಲಿಡೇ ಕಪ್ಪು ಜನಾಂಗದ ಹಾಡುಗಾರ್ತಿ. ಬಿಳಿಯರ ಗುಂಪುಗಳು ಕರಿಯರನ್ನು ಹಿಡಿದು ಮರಕ್ಕೆ ನೇಣು ಹಾಕುತ್ತಿದ್ದುದರ ಬಗ್ಗೆ 1939ರಲ್ಲಿ ಧ್ವನಿಮುದ್ರಿಕೆ ಹೊರತಂದ ದಿಟ್ಟೆ. ಆಕೆಗೆ ಹೆರಾಯಿನ್ ಚಟವಿತ್ತು. 1947ರಲ್ಲಿ ಬಂಧನವಾಗಿ ಒಂದು ವರ್ಷ ಒಂದು ದಿನದ ಶಿಕ್ಷೆಯಾಯಿತು. 1948ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಕೆಲವೇ ದಿನಗಳಿಗೆ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಆಕೆ ಹಾಡಿದಾಗ ಒಂದು ಟಿಕೆಟ್ಟೂ ಉಳಿದಿರಲಿಲ್ಲ. ಆದರೆ ಅದೇ ನಗರದಲ್ಲಿ ಮದ್ಯ ಮಾರುವ ಕ್ಲಬ್ಬುಗಳಲ್ಲಿ ಹಾಡಲು ಬೇಕಾಗಿದ್ದ ಪರವಾನಗಿ ಆಕೆಗೆ ಮತ್ತೆ ಸಿಗಲಿಲ್ಲ. ಜಾಝ್ ಹಾಡುವವರಿಗೆ ಅನ್ನ ಸಿಗುತ್ತಿದ್ದುದೇ ಅಂಥ ಕ್ಲಬ್ಬುಗಳಲ್ಲಿ.

1959ರಲ್ಲಿ ಆಕೆ ಯಕೃತ್ತು ಮತ್ತು ಹೃದಯದ ತೊಂದರೆಯಿಂದ ಆಸ್ಪತ್ರೆ ಸೇರಿದಳು. ಮಾದಕವಸ್ತು ಹೊಂದಿದ್ದಾಳೆಂದು ಪೊಲೀಸರು ಆಸ್ಪತ್ರೆಯ ಹಾಸಿಗೆಯಲ್ಲೇ ಆಕೆಯನ್ನು ಬಂಧಿಸಿ ಬಾಗಿಲಿಗೆ ಕಾವಲು ಹಾಕಿದರು. ಜುಲೈ 17ರಂದು, 44ನೇ ವಯಸ್ಸಿನಲ್ಲಿ, ಆಕೆ ತೀರಿಕೊಂಡಾಗ ಬ್ಯಾಂಕಿನ ಖಾತೆಯಲ್ಲಿದ್ದದ್ದು 70 ಸೆಂಟ್. 1972ರಲ್ಲಿ ಆಕೆಯ ಬದುಕು ಹಾಲಿವುಡ್ ಚಿತ್ರವಾಗಿ ಹಣ ತಂದಿತು. ಉರಿಯುವ ಮನೆಯಿಂದ ಗಳ ಹಿರಿಯುವುದು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದನ್ನೇ.

ರೀಡ್‌ಗೆ ಕಣ್ಣೀರು, ಹಾಲಿಡೇಗೆ ಕಾವಲು. ಇಬ್ಬರದೂ ಅಫೀಮಿನಿಂದ ತಯಾರಾಗುವ ವಸ್ತುವಿನ ಚಟವೇ. ಮೂವತ್ತು ವರ್ಷಗಳಲ್ಲಿ ಕಾನೂನು ಬಿಗಿಯಾಗಿತ್ತು ನಿಜ. ಆದರೆ ಯಾರನ್ನು ಮರುಗಬೇಕಾದ ರೋಗಿ ಎನ್ನಬೇಕು, ಯಾರನ್ನು ಕೇಡಿ ಎನ್ನಬೇಕು ಎಂಬ ತೀರ್ಮಾನದಲ್ಲಿ ಮೈಬಣ್ಣಕ್ಕೂ ಪಾಲಿತ್ತು.

ಸೈಗಲ್ ಕುಡಿಯದೆ ಹಾಡಿದ ಹಾಡು

ನಮ್ಮ ದೇಶದಲ್ಲಿ ಈ ಕುತೂಹಲ ಬೇರೆ ವೇಷ ತೊಟ್ಟಿತು. ಶರತ್‌ಚಂದ್ರ ಚಟ್ಟೋಪಾಧ್ಯಾಯರ ‘ದೇವದಾಸ’ ಕಾದಂಬರಿ ಪ್ರಕಟವಾದದ್ದು 1917ರಲ್ಲಿ. ಕಲ್ಕತ್ತದ ನ್ಯೂ ಥಿಯೇಟರ್ಸ್ 1930ರ ದಶಕದಲ್ಲಿ ಅದನ್ನು ಹಿಂದಿಯಲ್ಲಿ ತೆರೆಗೆ ತಂದಾಗ ನಾಯಕ ಸೈಗಲ್. ಆಮೇಲೆ 1953ರಲ್ಲಿ ತೆಲುಗಿನ ಅಕ್ಕಿನೇನಿ ನಾಗೇಶ್ವರರಾವ್, 1955ರಲ್ಲಿ ದಿಲೀಪ್ ಕುಮಾರ್, 2002ರಲ್ಲಿ ಶಾರುಖ್ ಖಾನ್ ಅದೇ ಪಾತ್ರ ಮಾಡಿದರು. ಗಡ್ಡ ಬಿಟ್ಟು ಮಂಕಾಗಿ ತಿರುಗುವ ಹುಡುಗನನ್ನು ಕನ್ನಡ ನಾಡಿನ ಹಳ್ಳಿಯಲ್ಲೂ ‘ದೇವದಾಸ’ ಎಂದು ಛೇಡಿಸುತ್ತಾರೆ. ಕುಡಿತವೆಂದರೆ ನೊಂದ ಹೃದಯದ ಗುರುತು ಎಂಬ ಭಾವನೆ ಹೀಗೆ ಬೇರು ಬಿಟ್ಟಿತು.

ಸೈಗಲ್ ನಿಜಜೀವನದಲ್ಲೂ ಕುಡಿಯುತ್ತಿದ್ದರು. ಹೀಗಾಗಿ ಪಾತ್ರ ಮತ್ತು ಮನುಷ್ಯ ಬೆರೆತುಹೋದರು. ಆ ಕಂಠದ ವಿಷಾದಕ್ಕೆ ಮದ್ಯವೇ ಕಾರಣವೆಂದು ಅಭಿಮಾನಿಗಳು ನಂಬಿದರು. ಸ್ವತಃ ಸೈಗಲ್ ಕೂಡ ಕುಡಿಯದೆ ಹಾಡಲಾಗದೆಂದು ನಂಬಿದ್ದರಂತೆ. 1946ರ ‘ಷಾಜಹಾನ್’ ಚಿತ್ರಕ್ಕೆ ಸಂಗೀತ ನೀಡಿದ ನೌಶಾದ್ ಮುಂದೆ ಹೇಳುತ್ತಿದ್ದ ಪ್ರಸಂಗ ಇಲ್ಲಿ ನೆನಪಾಗುತ್ತದೆ. ಅವರು ಒಂದೇ ಹಾಡನ್ನು ಸೈಗಲ್ ಅವರಿಂದ ಕುಡಿಯದೆ ಒಮ್ಮೆ, ಕುಡಿದ ಮೇಲೆ ಒಮ್ಮೆ ಹಾಡಿಸಿದರು. ಯಾವುದು ಯಾವಾಗಿನದೆಂದು ಹೇಳದೆ ಎರಡನ್ನೂ ಕೇಳಿಸಿದಾಗ ಸೈಗಲ್ ಒಳ್ಳೆಯದೆಂದು ಆರಿಸಿದ್ದು ಕುಡಿಯದೆ ಹಾಡಿದ್ದನ್ನು. ಈ ಮಾತನ್ನು ಮೊದಲೇ ಯಾರಾದರೂ ತಿಳಿಸಿಕೊಟ್ಟಿದ್ದರೆ ಎಂದು ಅವರು ಹಳಹಳಿಸಿದರಂತೆ. ಮರುವರ್ಷದ ಜನವರಿಯಲ್ಲಿ ಅವರಿಲ್ಲ.

ರೇಡಿಯೋ ಸಿಲೋನ್ ದಶಕಗಳ ಕಾಲ ಬೆಳಗಿನ ಹಳೆಯ ಚಿತ್ರಗೀತೆಗಳ ಕಾರ್ಯಕ್ರಮವನ್ನು ಸೈಗಲ್ ಹಾಡಿನಿಂದಲೇ ಮುಗಿಸುತ್ತಿತ್ತು. ಆ ಹಾಡು ಕೇಳಿ ಬೆಳೆದ ಎಷ್ಟೋ ಮಂದಿಗೆ ಅವರ ಬಾಟಲಿಯ ಕಥೆ ಗೊತ್ತು, ನೌಶಾದರ ಈ ಕಥೆ ಗೊತ್ತಿಲ್ಲ. ಎರಡನೆಯದನ್ನು ಒಪ್ಪಿಕೊಂಡರೆ ಆ ಸಾವಿಗೆ ಕಲೆಯ ನೆಪ ಉಳಿಯುವುದಿಲ್ಲ. ಒಬ್ಬ ಮನುಷ್ಯ ಸುಮ್ಮನೆ ಸತ್ತುಹೋದ ಎಂದು ಹೇಳಬೇಕಾಗುತ್ತದೆ.

ಮೀನಾಕುಮಾರಿ ಅವರದೂ ಇದೇ ಗತಿ. 1962ರ ‘ಸಾಹಿಬ್ ಬೀಬಿ ಔರ್ ಗುಲಾಂ’ ಚಿತ್ರದಲ್ಲಿ ಗಂಡನಿಗಾಗಿ ಕುಡಿತ ಕಲಿತು ಕುಸಿಯುವ ಛೋಟಿ ಬಹೂ ಪಾತ್ರ ಅವರಿಗೆ ದೊಡ್ಡ ಹೆಸರು ತಂದಿತು. ನಿದ್ದೆ ಬರಲೆಂದು ವೈದ್ಯರು ಹೇಳಿದ ಗುಟುಕು ಬ್ರಾಂದಿಯಿಂದ ಅವರ ಸ್ವಂತ ಚಟ ಶುರುವಾಯಿತೆಂದು ಜೀವನಚರಿತ್ರೆ ಬರೆದವರು ಹೇಳುತ್ತಾರೆ. 1972ರ ಫೆಬ್ರುವರಿ 4ರಂದು ‘ಪಾಕೀಜಾ’ ಬಿಡುಗಡೆಯಾಯಿತು. ಮಾರ್ಚ್ 31ರಂದು ಯಕೃತ್ತಿನ ಕಾಯಿಲೆಯಿಂದ ಅವರು ತೀರಿಕೊಂಡರು. ಆ ಸುದ್ದಿ ಬಂದ ಮೇಲೆ ಚಿತ್ರಮಂದಿರಗಳ ಮುಂದೆ ಸಾಲು ಬೆಳೆಯಿತು.

ನೋಡುವ ಕಣ್ಣುಗಳು

ಕಾಲ ಬದಲಾಗಿದೆ, ಕ್ಯಾಮೆರಾಗಳು ಹೆಚ್ಚಿವೆ. ಲಂಡನ್ನಿನ ಗಾಯಕಿ ಏಮಿ ವೈನ್‌ಹೌಸ್ 2006ರಲ್ಲಿ ತನ್ನ ಚಿಕಿತ್ಸೆಯ ಬಗ್ಗೆಯೇ ಒಂದು ಹಾಡು ಬರೆದಳು. 2008ರಲ್ಲಿ ಐದು ಗ್ರ್ಯಾಮಿ ಪ್ರಶಸ್ತಿ ಬಂದವು. ಛಾಯಾಗ್ರಾಹಕರು ಮನೆಬಾಗಿಲು ಬಿಟ್ಟು ಕದಲದಿದ್ದಾಗ ಆಕೆ ನ್ಯಾಯಾಲಯದ ಮೊರೆ ಹೋಗಬೇಕಾಯಿತು. 2011ರ ಜೂನ್‌ನಲ್ಲಿ ಬೆಲ್‌ಗ್ರೇಡ್ ನಗರದ ವೇದಿಕೆಯಲ್ಲಿ ಅಮಲಿನಿಂದ ತಡವರಿಸಿದಾಗ ಪ್ರೇಕ್ಷಕರು ಕೂಗಿ ಗೇಲಿ ಮಾಡಿದರು. ಆ ದೃಶ್ಯ ಲೋಕವೆಲ್ಲ ಸುತ್ತಿತು. ಜುಲೈ 23ರಂದು ವಿಪರೀತ ಮದ್ಯಸೇವನೆಯಿಂದ ಆಕೆ ಸತ್ತಳು. ವಯಸ್ಸು 27. ಗೇಲಿ ಮಾಡಿದವರೇ ಹೂ ಇಟ್ಟು ಬಂದರೆಂದು ಹೇಳಲಾಗದು. ಆದರೆ ಗೇಲಿಗೂ ಹೂವಿಗೂ ನಡುವೆ ಕಳೆದದ್ದು ಐದೇ ವಾರ.

ಈ ಕಥೆಗಳನ್ನು ಒಟ್ಟಿಗಿಟ್ಟು ನೋಡಿದರೆ ನಮ್ಮ ಸ್ವಭಾವದ ಎರಡು ಎಳೆಗಳು ಕಾಣುತ್ತವೆ. ಮೊದಲನೆಯದು ಸಮಾಧಾನ. ಅಷ್ಟು ಎತ್ತರದಲ್ಲಿದ್ದವರೂ ಬಿದ್ದರು, ಹಣ, ಹೆಸರು ಇದ್ದು ಏನು ಪ್ರಯೋಜನ ಎಂದು ನಮ್ಮ ಸಾಮಾನ್ಯ ಬದುಕಿಗೆ ನಾವೇ ಬೆನ್ನು ತಟ್ಟಿಕೊಳ್ಳುತ್ತೇವೆ. ಎರಡನೆಯದು ಮರೆವು. ಚಟ ಹಿಡಿದವರ ಹೆಸರು ನಮಗೆ ನೆನಪಿರುತ್ತದೆ. ನೋವು ಮರೆಸಿ ದುಡಿಸಿಕೊಂಡ ನಿರ್ಮಾಪಕ, ಪರವಾನಗಿ ತಡೆಹಿಡಿದ ಕಚೇರಿ, ಬೀಳುವ ಚಿತ್ರಕ್ಕೆ ಹೆಚ್ಚು ಬೆಲೆ ಕೊಟ್ಟ ಪತ್ರಿಕೆ, ಅದನ್ನು ಕೊಂಡ ಓದುಗ ಇವರ್ಯಾರ ಹೆಸರೂ ಕಥೆಯಲ್ಲಿ ಬರುವುದಿಲ್ಲ. ಪತ್ರಿಕೆಯಲ್ಲಿ ದುಡಿಯುವ ನನ್ನಂಥವರೂ ಈ ಪಟ್ಟಿಯಿಂದ ಹೊರಗಿಲ್ಲ. ತಾರೆಯೊಬ್ಬರು ಆಸ್ಪತ್ರೆ ಸೇರಿದರೆ ಸುದ್ದಿ ಯಾವ ಪುಟಕ್ಕೆ ಏರುತ್ತದೆಂದು ನಮಗೆ ಚೆನ್ನಾಗಿ ಗೊತ್ತು.

ಕುಡಿತದ ಚಟ ಒಂದು ಕಾಯಿಲೆ ಎಂದು ಅಮೆರಿಕದ ವೈದ್ಯರ ಸಂಘ 1956ರಲ್ಲೇ ಹೇಳಿತ್ತು. ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ, ಮಾದಕವಸ್ತುಗಳಿಂದಾಗುವ ಮಾನಸಿಕ ತೊಂದರೆಗಳನ್ನೂ ಕಾಯಿಲೆಯ ಪಟ್ಟಿಗೆ ಸೇರಿಸಿದೆ. ಚಿಕಿತ್ಸೆಯಲ್ಲಿರುವವರ ಚಿತ್ರವನ್ನಾಗಲೀ ವಿವರವನ್ನಾಗಲೀ ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಗಳಿಗೆ ಕೊಡುವಂತಿಲ್ಲ ಎಂದೂ ಅದು ಹೇಳುತ್ತದೆ. ಆ ರಕ್ಷಣೆ ತಾರೆಗೂ ಉಂಟು, ಕೂಲಿಯವನಿಗೂ ಉಂಟು.

ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 5.7 ಕೋಟಿ ಜನರಿಗೆ ಮದ್ಯದ ತೊಂದರೆಯಿಂದ ಹೊರಬರಲು ನೆರವು ಬೇಕಾಗಿದೆ. ಮದ್ಯಕ್ಕೆ ಪೂರ್ತಿ ದಾಸರಾದವರಲ್ಲಿ 38 ಮಂದಿಗೆ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಆದರೂ ಎಷ್ಟೋ ಮನೆಗಳಲ್ಲಿ ಅಪ್ಪನದೋ ಅಣ್ಣನದೋ ಚಟವನ್ನು ನೆರೆಯವರಿಗೆ ತಿಳಿಯದಂತೆ ಮುಚ್ಚಿಡುವುದರಲ್ಲೇ ವರ್ಷಗಳು ಕಳೆದುಹೋಗುತ್ತವೆ. ಅದೇ ಮನೆಯ ಜಗಲಿಯಲ್ಲಿ ಕೂತು ನಾವು ಸಿನಿಮಾ ತಾರೆಯ ಕುಡಿತದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ. ಬಹುಶಃ ಒಳಗಿನದನ್ನು ಆಡಲಾಗದ ಸಂಕಟಕ್ಕೇ ಹೊರಗಿನವರ ಕಥೆ ನಮಗೆ ಅಷ್ಟು ಬೇಕಾಗುತ್ತದೆ. ಆ ಮಾತಿನಲ್ಲಿ ಅರ್ಧದಷ್ಟಾದರೂ ಒಳಮನೆಯಲ್ಲಿ ಮಲಗಿರುವವನ ಜೊತೆ ಆಡಿದರೆ, 38ರಲ್ಲಿ ಇನ್ನೊಬ್ಬರು ಆಸ್ಪತ್ರೆಯ ಮೆಟ್ಟಿಲು ಹತ್ತಬಹುದು.