ಉಡಿದಾರದ ಬೆಳ್ಳಿ ತಾಯಿತ



ಇತಿಹಾಸದ ತರಗತಿಯಲ್ಲಿ ಅರಸರ ನಾಣ್ಯಗಳ ಬಗ್ಗೆ ನಿಮಗೆ ಹೇಳಿದ್ದುಂಟು. ಆ ನಾಣ್ಯಗಳು ಕರಗಿ ಏನಾದವು ಎಂಬುದನ್ನು ಹೇಳಲಿಲ್ಲ, ಪಠ್ಯದಲ್ಲಿ ಅದಿರಲಿಲ್ಲ.

ಯಾದಗಿರಿ, ಶಹಾಪುರ, ಸುರಪುರಗಳ ನಮ್ಮ ಸೀಮೆಯಲ್ಲಿ ಕೂಸಿಗೆ ದೃಷ್ಟಿ ತಾಗದಿರಲೆಂದು ಉಡಿದಾರಕ್ಕೋ ಕೊರಳಿಗೋ ಬೆಳ್ಳಿಯ ತಾಯಿತ ಕಟ್ಟುವುದು ಹಳೆಯ ರೂಢಿ. ಬೆರಳಿನ ಗೆಣ್ಣಿನಷ್ಟು ಉದ್ದದ ಕೊಳವೆ, ಮುಚ್ಚಳ, ದಾರ ಪೋಣಿಸಲು ಕೊಂಡಿ. ಒಳಗೆ ಯಂತ್ರ ಬರೆದ ತಾಮ್ರದ ತಗಡೋ, ಕುರಾನಿನ ವಾಕ್ಯ ಬರೆದ ಕಾಗದವೋ ಇರುತ್ತದೆ, ಬಾಯಿಗೆ ಅರಗು. ಹೊರಗಿನಿಂದ ನೋಡಿದರೆ ಯಾವ ಮತದ್ದೆಂದು ತಿಳಿಯದು. ಲಿಂಗವಂತರ ಬೆಳ್ಳಿಯ ಕರಡಿಗೆಯನ್ನು ಇದರೊಡನೆ ಬೆರೆಸಬಾರದು. ಅದು ಇಷ್ಟಲಿಂಗದ ಮನೆ.

ಅಕ್ಕಸಾಲಿಗನ ಕೈಗೆಟುಕುತ್ತಿದ್ದ ಬೆಳ್ಳಿಯೆಂದರೆ ರೂಪಾಯಿಯೇ. 1940ಕ್ಕೆ ಮುಂಚಿನ ಬ್ರಿಟಿಷ್ ರೂಪಾಯಿ ಒಂದು ತೊಲ ತೂಗುತ್ತಿತ್ತು, ನೂರಕ್ಕೆ 91ಕ್ಕೂ ಮಿಗಿಲಾದ ಬೆಳ್ಳಿ. ನಿಜಾಮರ ಹಾಲಿ ಸಿಕ್ಕಾದಲ್ಲಿ ಸುಮಾರು 82 ಪಾಲು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿದರೂ ಹಾಲಿ ಸಿಕ್ಕಾ 1959ರವರೆಗೆ ನಡೆಯಿತು.

ಸಹಾರಾ ಮರುಭೂಮಿಯ ಟುವಾರೆಗ್ ಜನರೂ ಬಂಗಾರಕ್ಕಿಂತ ಬೆಳ್ಳಿಯನ್ನೇ ಮೆಚ್ಚಿದವರು. ಆಸ್ಟ್ರಿಯಾದ ರಾಣಿ ಮರಿಯಾ ತೆರೇಸಾಳ ಮುಖವಿದ್ದ ನಾಣ್ಯಗಳು ಅಲ್ಲಿ ಒಡವೆಗಳಾದವು. ಕುರಾನಿನ ಬರಹವಿಡುವ ಬೆಳ್ಳಿಯ ಪೆಟ್ಟಿಗೆ ಕೊರಳಲ್ಲಿ ತೂಗಿತು. ಅಲೆಮಾರಿಗೆ ಮೈಮೇಲಿನ ಬೆಳ್ಳಿಯೇ ತಿಜೋರಿಯಲ್ಲವೇ? ನಮ್ಮ ತಾಂಡಾಗಳ ಲಂಬಾಣಿಗರೂ ಹಾಗೆಯೇ. ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿ ದೇಶ ಸುತ್ತಿದವರು ಅವರು. 1871ರಲ್ಲಿ ಮುಂಬಯಿಯ ರೈಲು ಯಾದಗಿರಿ ದಾಟಿ ರಾಯಚೂರು ಮುಟ್ಟಿದ ಮೇಲೆ ಹೇರಿನ ಎತ್ತುಗಳಿಗೆ ಕೆಲಸ ತಪ್ಪಿತು.

ಬರ ಬಂದಾಗ ಈ ತಿಜೋರಿ ತೆರೆಯಲೇಬೇಕು. 1972ರ ಬರದಲ್ಲಿ ನನಗೆ ಹತ್ತು ವರ್ಷ. ನನ್ನ ಉಡಿದಾರದ ತಾಯಿತವನ್ನು ಜೋಳಕ್ಕಾಗಿ ಮಾರಲು ಅವ್ವ ಅಕ್ಕಸಾಲಿಗರ ಕಟ್ಟೆಗೆ ಒಯ್ದಳು, ಹಿಂದೆ ಅಜ್ಜಿ ಮತ್ತು ನಾನು. ಕರಗಿಸುವ ಮುನ್ನ ಆತ ಅರಗು ಕೆತ್ತಿ ಮುಚ್ಚಳ ತೆಗೆದ. ನಮ್ಮ ಅಯ್ಯನವರು ಕೊಟ್ಟ ಯಂತ್ರವೆಂದು ಅವ್ವ ನಂಬಿದ್ದಳು. ಹೊರಬಿದ್ದದ್ದು ಉರ್ದು ಅಕ್ಷರಗಳ ಕಾಗದದ ಸುರುಳಿ. ಅವ್ವ ಅಜ್ಜಿಯತ್ತ ತಿರುಗಿದಳು.

"ಕೂಸು ಉಳೀತಿಲ್ಲೋ?" ಎಂದಳು ಅಜ್ಜಿ. ಅಷ್ಟೇ.

ಬೆಳ್ಳಿ ಮೂಸೆಗೆ ಹೋಯಿತು. ಕಾಗದವನ್ನು ಅವ್ವ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುವ ತಿಂಥಣಿಯ ಮೌನೇಶ್ವರನ ಜಾತ್ರೆಗೆ ಹೋದಾಗ ಅದನ್ನು ಕೃಷ್ಣೆಗೆ ಬಿಟ್ಟಳು. ಓದಿಸಬೇಕೆಂದು ಯಾರಿಗೂ ತೋಚಲಿಲ್ಲ.

ನಿಮ್ಮ ಮನೆಗಳಲ್ಲಿ ಹಳೆಯ ತಾಯಿತವಿದ್ದರೆ ಮಾರುವ ಮುನ್ನ ತೆರೆಸಿ ಓದಿಸಿರಿ. ಏನಿತ್ತೆಂದು ನನಗೂ ತಿಳಿಸಿರಿ.