ಕಚೇರಿ ಜಾಲದಲ್ಲಿ ಲಿನಕ್ಸ್ ಗಣಕ: ಕಡತ ಹಂಚಿಕೆ ಮತ್ತು ಕನ್ನಡ ಪಠ್ಯದ ತೊಡಕುಗಳು

ವಿಂಡೋಸ್ ಗಣಕಗಳ ಕಚೇರಿ ಜಾಲಕ್ಕೆ ಲಿನಕ್ಸ್ ಗಣಕವನ್ನು ಸೇರಿಸುವಾಗ ತಂತಿ ಮತ್ತು ವಿಳಾಸದ ಮಟ್ಟದಲ್ಲಿ ತೊಂದರೆ ಕಡಿಮೆ. ರೌಟರ್ ತಾನಾಗಿಯೇ ವಿಳಾಸ ಹಂಚುವಂತಿದ್ದರೆ ಕೇಬಲ್ ಸಿಕ್ಕಿಸಿದರೆ ಸಾಕು; ಇಲಾಖೆಯು ಪ್ರತಿ ಗಣಕಕ್ಕೂ ಸ್ಥಿರ ವಿಳಾಸ ಕೊಟ್ಟಿದ್ದರೆ ಆ ವಿಳಾಸ, ಗೇಟ್‌ವೇ ಮತ್ತು ಡಿಎನ್‌ಎಸ್‌ಗಳನ್ನು ಕೈಯಾರೆ ನಮೂದಿಸಬೇಕು. ಹಾಸನ ತಾಲ್ಲೂಕಿನ ಶಾಂತಿಗ್ರಾಮದಂಥ ಹೋಬಳಿ ಕೇಂದ್ರದಲ್ಲಿ ಅರ್ಜಿ, ಟಿಪ್ಪಣಿ, ನಡಾವಳಿಗಳೆಲ್ಲ ಕನ್ನಡದಲ್ಲೇ ಸಿದ್ಧವಾಗುತ್ತವೆ. ಅಂಥ ಕಡೆ ಹೆಚ್ಚಿನ ತೊಡಕು ಎದುರಾಗುವುದು ಕಡತದೊಳಗಿನ ಅಕ್ಷರಗಳಲ್ಲಿ.

ವಿಂಡೋಸ್ ಗಣಕಗಳು ಕಡತ ಹಂಚಿಕೊಳ್ಳುವ ಎಸ್‌ಎಂಬಿ ನಿಯಮಾವಳಿ 1980ರ ದಶಕದಲ್ಲಿ ಐಬಿಎಂನಲ್ಲಿ ರೂಪುಗೊಂಡಿತು. ಇದೇ ನಿಯಮಾವಳಿಯಲ್ಲಿ ಯುನಿಕ್ಸ್ ಬಗೆಯ ಗಣಕಗಳೂ ವ್ಯವಹರಿಸುವಂತೆ ಮಾಡಿದ ಸಾಂಬಾ ತಂತ್ರಾಂಶದ ಮೊದಲ ರೂಪವನ್ನು ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ 1992ರಲ್ಲಿ ಹೊರತಂದರು. ಹಳೆಯ ಲಿನಕ್ಸ್ ಗಣಕಕ್ಕೆ ಹಂಚಿಕೆಯ ಫೋಲ್ಡರ್ ಕಾಣದಿದ್ದರೆ ಮೊದಲು ಪರಿಶೀಲಿಸಬೇಕಾದುದು ನಿಯಮಾವಳಿಯ ಆವೃತ್ತಿಯನ್ನು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಕುತಂತ್ರಾಂಶವು ಎಸ್‌ಎಂಬಿಯ ಮೊದಲ ಆವೃತ್ತಿಯ ದೋಷವನ್ನೇ ಬಳಸಿಕೊಂಡು ಹರಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ ಪರಿಷ್ಕರಣೆಯಿಂದ ಮುಂದೆ, ಹೊಸ ಅನುಸ್ಥಾಪನೆಗಳಲ್ಲಿ ಆ ಆವೃತ್ತಿಯನ್ನು ಕೈಬಿಡಲಾಗಿದೆ. ಕೆಲಸ ಬೇಗ ಮುಗಿಯಲೆಂದು ವಿಂಡೋಸ್‌ನಲ್ಲಿ ಅದನ್ನು ಮತ್ತೆ ಚಾಲೂ ಮಾಡುವುದು ಇಡೀ ಕಚೇರಿಯನ್ನು ಅಪಾಯಕ್ಕೆ ಒಡ್ಡಿದಂತೆ. ಸಾಂಬಾವನ್ನು ನವೀಕರಿಸುವುದೇ ಸರಿಯಾದ ದಾರಿ.

ಫೋಲ್ಡರ್ ತೆರೆದುಕೊಂಡ ಮೇಲೆ ಕನ್ನಡದ ಸಮಸ್ಯೆ ಆರಂಭ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ, ಯೂನಿಕೋಡ್ ಬಳಕೆಗೆ ಬರುವ ಮುನ್ನ ಸಿದ್ಧವಾದ ಕಡತಗಳಲ್ಲಿ, ಕನ್ನಡದ ಅಕ್ಷರಭಾಗಗಳು ರೋಮನ್ ಅಕ್ಷರ ಮತ್ತು ಇತರ ಚಿಹ್ನೆಗಳ ಸಂಕೇತಸ್ಥಾನಗಳಲ್ಲಿ ಕುಳಿತಿವೆ. ನುಡಿ ಫಾಂಟ್ ಇಲ್ಲದ ಗಣಕದಲ್ಲಿ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಫಾಂಟನ್ನು ಲಿನಕ್ಸ್‌ನಲ್ಲಿ ಸ್ಥಾಪಿಸಿದರೆ ಕಣ್ಣಿಗೆ ಕನ್ನಡ ಮರಳುತ್ತದೆ. ಆದರೆ ಯೂನಿಕೋಡ್‌ನಲ್ಲಿ ‘ಶಾಂತಿಗ್ರಾಮ’ ಎಂದು ಟೈಪಿಸಿ ಹುಡುಕಿದರೆ ಏನೂ ಸಿಗದು, ಅಕಾರಾದಿ ಜೋಡಣೆಯೂ ಕೆಡುತ್ತದೆ. ಹೀಗಾಗಿ ಪರಿವರ್ತನೆ ಅನಿವಾರ್ಯ. ‘ಅರ್ಜಿ’ ಎಂಬ ಪದವನ್ನೇ ನೋಡಬಹುದು: ಹಳೆಯ ಕಡತದಲ್ಲಿ ಅರ್ಕಾವತ್ತು ಬರವಣಿಗೆಯ ಕ್ರಮದಂತೆ ‘ಜಿ’ಯ ನಂತರ ಇರುತ್ತದೆ, ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮದಂತೆ ರಕಾರ ಜಕಾರಕ್ಕಿಂತ ಮೊದಲು ಬರಬೇಕು. ಪರಿವರ್ತಕವು ಈ ಸ್ಥಾನಪಲ್ಲಟವನ್ನು ಸರಿಯಾಗಿ ಮಾಡಿದೆಯೇ ಎಂದು ಒಂದೆರಡು ಪುಟ ಓದಿ ನೋಡದೆ ಮೂಲ ಕಡತವನ್ನು ಅಳಿಸಬಾರದು.

ಯೂನಿಕೋಡ್‌ನಲ್ಲೂ ಒಂದು ಸೂಕ್ಷ್ಮವಿದೆ. ‘ಹೋಬಳಿ’ಯ ‘ಹೋ’ ಎಂಬುದನ್ನು ಹಕಾರಕ್ಕೆ ಒಂದೇ ಸ್ವರಚಿಹ್ನೆ ಸೇರಿಸಿ ಬರೆಯಬಹುದು. ಅದೇ ಚಿಹ್ನೆಯನ್ನು ಮೂರು ಭಾಗವಾಗಿ ಬಿಡಿಸಿಯೂ ಬರೆಯಬಹುದು. ಆಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಕಡತದ ಹೆಸರನ್ನು ಬಿಡಿಸಿಯೇ ಇಡುತ್ತದೆ. ಮ್ಯಾಕ್‌ನಿಂದ ಬಂದ ಕಡತ ಲಿನಕ್ಸ್ ಸರ್ವರ್‌ಗೆ ಹಾಗೆಯೇ ಸೇರಿದರೆ, ನೋಡಲು ಒಂದೇ ಆದ ಹೆಸರಿನ ಎರಡು ಕಡತಗಳು ಒಂದೇ ಫೋಲ್ಡರ್‌ನಲ್ಲಿ ಇರಬಲ್ಲವು.

ಟೈಪಿಸುವವರು ಹೊಸದಾಗಿ ಏನನ್ನೂ ಕಲಿಯಬೇಕಿಲ್ಲ ಎಂಬುದು ಸಮಾಧಾನದ ಸಂಗತಿ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕಗಪ (ಕನ್ನಡ ಗಣಕ ಪರಿಷತ್ತು) ಕೀಲಿಮಣೆ ಲಿನಕ್ಸ್‌ನಲ್ಲೂ ಲಭ್ಯ. ಮುದ್ರಣವನ್ನು ಕಪ್ಸ್ ವ್ಯವಸ್ಥೆ ನಿಭಾಯಿಸುತ್ತದೆ; ಜಾಲಕ್ಕೆ ಜೋಡಿಸಿದ ಈಚಿನ ಪ್ರಿಂಟರ್‌ಗಳು ಬಹುಪಾಲು ಪ್ರತ್ಯೇಕ ಚಾಲಕವಿಲ್ಲದೆಯೇ ಕೆಲಸ ಮಾಡುತ್ತವೆ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಮಾತ್ರ ಬೇರೆ ಮಾತು: ಅದರ ತಯಾರಕರು ಲಿನಕ್ಸ್ ಚಾಲಕವನ್ನು ಒದಗಿಸಿರಬೇಕು, ಸಹಿ ಪಡೆಯುವ ಜಾಲತಾಣವೂ ಅದನ್ನು ಗುರುತಿಸಬೇಕು. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಸಹಿ ಹಾಕುವ ಅಧಿಕಾರಿಯ ಮೇಜಿನ ಮೇಲೆ ವಿಂಡೋಸ್ ಗಣಕವನ್ನೇ ಉಳಿಸಿಕೊಳ್ಳಬೇಕಾಗುತ್ತದೆ.